ಖಾಡಿಯ ನೀರಿಗೆ ಬಂಗಾರದ ತಟ್ಟೆ

ಬದನೆಕಾಯಿಯನ್ನು ಒತ್ತಿ ನೋಡಬಹುದು, ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬಹುದು. ಆದರೆ ಖಾಲಿ ಸಿಡಿಯನ್ನು ಹೇಗೆ ಪರೀಕ್ಷಿಸಿ ಕೊಳ್ಳಬೇಕೆಂಬುದನ್ನು ನಮಗೆ ಹಿರಿಯರಾರೂ ಹೇಳಿಕೊಟ್ಟಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ, ಮುಂಬಯಿ ಬಳಿಯ ತುರ್ಭೆಯ ನೀರು ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ರಸಾಯನಶಾಸ್ತ್ರಜ್ಞನೆಂಬ ಘನವಾದ ಬಿರುದು ಹೊತ್ತು ಬಾಟಲಿ ಕುಲುಕುತ್ತಿದ್ದ ನನ್ನನ್ನು ಈ ಅಜ್ಞಾನವು ಉಲ್ಹಾಸನಗರದ ಒಂದು ಅಂಗಡಿಯಲ್ಲಿ ಕಾಡಿತು. ಅಂಗಡಿಯವನು ಎರಡು ಬಗೆಯ ತಟ್ಟೆಗಳನ್ನು ಮುಂದಿಟ್ಟ. ಒಂದು ಬಂಗಾರದ ಬಣ್ಣದ್ದು, ಇನ್ನೊಂದು ನೀಲಿ. "ಗೋಲ್ಡ್‌ವಾಲಾ ಸೌ ಸಾಲ್ ಚಲೇಗಾ, ಸಾಬ್," ಎಂದ. ನೂರು ವರ್ಷದ ಮೇಲೆ ತಕರಾರು ತೆಗೆದುಕೊಂಡು ಯಾರು ಬರುತ್ತಾರೆ ಎಂಬ ಧೈರ್ಯ ಅವನಿಗಿತ್ತು.

ಸಿಡಿ ಬೇಕಾಗಿದ್ದದ್ದು ನನ್ನ ಜೊತೆಗೇ ಬಂದಿದ್ದ ಹಿರಿಯ ಸಹೋದ್ಯೋಗಿ, ಉಡುಪಿ ಕಡೆಯ ಸುಲೋಚನಾಬಾಯಿಯವರಿಗೆ. ವರ್ಷಾನುಗಟ್ಟಲೆ ಅವರು ಪ್ರತಿ ತಿಂಗಳೂ ಐರೋಲಿಯ ದಡಕ್ಕೆ ಹೋಗಿ, ಖಾಡಿಯೆಂದು ಇಲ್ಲಿನವರು ಕರೆಯುವ ಕಡಲ ಹಿನ್ನೀರಿನ ಉಪ್ಪುನೀರನ್ನು ತುಂಬಿ ತಂದು, ಅದರಲ್ಲಿ ಕರಗಿದ ಪ್ರಾಣವಾಯುವೆಷ್ಟು, ಕಾರ್ಖಾನೆಗಳ ಕೊಳಕೆಷ್ಟು ಎಂದು ಅಳೆದಿಟ್ಟಿದ್ದರು. ಆ ಅಂಕಿಗಳೆಲ್ಲ ಒಂದು ಮುದಿ ಕಂಪ್ಯೂಟರಿನಲ್ಲೂ ಒಂದಿಷ್ಟು ಫ್ಲಾಪಿಗಳಲ್ಲೂ ಇದ್ದವು. ಇಲ್ಲಿನ ಮಳೆಗಾಲ ಫ್ಲಾಪಿಗಳಿಗೆ ಉಪ್ಪಿನಕಾಯಿಗೆ ಹಿಡಿಯುವಂತೆ ಬೂಷ್ಟು ಹಿಡಿಸಿತ್ತು. ಕಂಪ್ಯೂಟರನ್ನು ಗುಜರಿಗೆ ಹಾಕಲು ಅಪ್ಪಣೆಯಾಗಿತ್ತು. ಬಾಯಿಯವರ ನಿವೃತ್ತಿಯೂ ಸಮೀಪಿಸಿತ್ತು. ಈಗ ಉಳಿಸಿಕೊಳ್ಳದಿದ್ದರೆ ಅವರ ಅಷ್ಟೂ ವರ್ಷದ ದುಡಿಮೆ ನೀರುಪಾಲಾಗುವುದು ಖಚಿತವಾಗಿತ್ತು.

"ಬಂಗಾರದ್ದೊಂದ ಸಾಕ್ರೀ ಬಾಯಾರ, ಈ ನೀಲೀದು ಆಟದ ಸಾಮಾನದಂಗ ಕಾಣತೈತಿ," ಎಂದು ನಾನು ಬಿಜಾಪುರದ ಗತ್ತಿನಲ್ಲಿ ತೀರ್ಪು ಕೊಟ್ಟೆ.

"ಎಂಥದ್ದು ಮಾರಾಯ್ರೆ, ಒಂದೇ ರೀಡಿಂಗ್ ನಂಬಿ ನೀವು ಯಾವತ್ತಾದ್ರೂ ರಿಪೋರ್ಟಿಗೆ ಸೈನ್ ಮಾಡಿದ್ದುಂಟಾ?"

ಇಲ್ಲ. ಯಾವ ಪರೀಕ್ಷೆಯನ್ನೂ ಎರಡು ಸಲ ಮಾಡದೆ ನಂಬದಿರುವುದು ನಮ್ಮ ಪ್ರಯೋಗಾಲಯದ ಕುಲಾಚಾರ. ಹಾಗಾಗಿ ಎರಡನ್ನೂ ಕೊಂಡು, ಎರಡರಲ್ಲೂ ಅವೇ ಅಂಕಿಗಳನ್ನು ಬರೆಸಿದೆವು.

ನಮ್ಮದು ಇನ್ನೊಂದು ಕುಲಾಚಾರವಿದೆ. ಚೀಟಿಯಿಲ್ಲದ ಬಾಟಲಿಯನ್ನು ನಾವು ಮುಟ್ಟುವುದೂ ಇಲ್ಲ. ಬಾಯಿಯವರು ಬಂಗಾರದ ತಟ್ಟೆಯ ಬೆನ್ನಿಗೆ ಭಕ್ತಿಯಿಂದ ಚೀಟಿ ಅಂಟಿಸಿದರು. ನನ್ನ ಅನಾದರಕ್ಕೆ ಪಾತ್ರವಾದ ನೀಲಿಯನ್ನು ಮಾತ್ರ ಡಬ್ಬಿಯ ಮೇಲೆ ಹೆಸರು ಬರೆದು ಕಪಾಟಿನ ಮೂಲೆಗೆ ತಳ್ಳಿದೆವು. ಕಂಪ್ಯೂಟರು ಗುಜರಿಯವನ ಕೈಗಾಡಿ ಹತ್ತಿತು. ಮಳೆ ಹಿಡಿದ ಮೇಲೆ ಚೀಟಿಯ ಅಂಚು ಸುರುಳಿಯಾಯಿತು. ಸೊಟ್ಟಗಿನ ಚೀಟಿಯನ್ನು ಕಂಡರೆ ಸಹಿಸಲಾರದ ಬಾಯಿಯವರು ಹೊಸತು ಹಚ್ಚೋಣವೆಂದು ಹಳೆಯದನ್ನು ಎಳೆದರು. ಚೀಟಿಯ ಜೊತೆಗೆ ತಟ್ಟೆಯ ಬಂಗಾರದ ಪೊರೆಯೂ ಸುಲಿದು ಬಂತು. ಅಯ್ಯೋ ದೇವರೇ! ಪೊರೆ ಹೋದ ಜಾಗದಲ್ಲಿ ಬರೀ ಗಾಜಿನಂಥ ಪ್ಲಾಸ್ಟಿಕ್ಕು ಉಳಿದಿತ್ತು. ಅದರಾಚೆ ಅವರ ಬೆರಳುಗಳು ಕಾಣುತ್ತಿದ್ದವು.

"ಹೋಯ್ತಲ್ಲ," ಎಂದಷ್ಟೇ ಹೇಳಿ ಅವರು ಸ್ಟೂಲಿನ ಮೇಲೆ ಕುಳಿತುಬಿಟ್ಟರು. ನಾನು ಎದ್ದೋಡಿದೆ. ಕಪಾಟಿನಿಂದ ನೀಲಿಯನ್ನು ತಂದು ಆಫೀಸಿನ ಕಂಪ್ಯೂಟರಿಗೆ ಹಾಕಿದೆ. ಯಂತ್ರ ನರಳಿತು, ನಿಂತಿತು, ಮತ್ತೆ ನರಳಿತು. ನಾಸ್ತಿಕನೆಂದು ಹೆಮ್ಮೆಪಡುವ ನಾನು ಆ ಹೊತ್ತಿನಲ್ಲಿ ಯಾವ ಯಾವ ದೇವರಿಗೆ ಏನೇನು ಹರಕೆ ಹೊತ್ತೆನೋ ತಿಳಿಯದು. ಕೊನೆಗೆ ಪರದೆಯ ಮೇಲೆ ಖಾಡಿಯ ಅಂಕಿಗಳು ಸಾಲುಸಾಲಾಗಿ ಇಳಿದು ಬಂದವು. ಬಾಯಿಯವರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನ ಕಣ್ಣೂ ಒಣಗಿರಲಿಲ್ಲವೆಂಬುದನ್ನು ನಿಮ್ಮಿಂದೇಕೆ ಮುಚ್ಚಿಡಲಿ?

ಕೂಡಲೇ ಇನ್ನೆರಡು ಪ್ರತಿ ಮಾಡಿದೆವು. ಈ ಸಲ ಚೀಟಿಯ ಗೋಜಿಗೆ ಹೋಗದೆ, ತಟ್ಟೆಯ ನಡುವಿನ ಖಾಲಿ ಬಳೆಯ ಮೇಲೆ ಮೆತ್ತನೆಯ ಪೆನ್ನಿನಲ್ಲಿ ಹೆಸರು ಬರೆದೆವು. ಭಯ ಇಳಿದ ಮೇಲೆ ನನ್ನ ನಾಲಿಗೆ ಸುಮ್ಮನಿದ್ದೀತೆ? "ಅಲ್ರೀ ಬಾಯಾರ, ಎಲ್ಲಾರೂ ಮೂಗು ಮುಚ್ಕೊಳ್ಳೋ ಈ ಹೊಲಸು ನೀರಿನ ಅಂಕಿ ನೂರು ವರ್ಷ ಇಟ್ಟು ಏನ್ ಮಾಡೋದೈತ್ರೀ?"

ಅವರು ನನ್ನನ್ನು ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದರು. "ಈ ಖಾಡಿ ಇವತ್ತಲ್ಲ ನಾಳೆ ಸುಧಾರಿಸ್ತದೆ ಮಾರಾಯ್ರೆ. ಆವಾಗ ಎಷ್ಟು ಸುಧಾರಿಸಿತು ಅಂತ ಹೇಳ್ಲಿಕ್ಕೆ, ಇವತ್ತು ಎಷ್ಟು ಹಾಳಾಗಿತ್ತು ಅಂತ ಗೊತ್ತಿರ್ಬೇಡ್ವಾ?"

ಒಂದು ಪ್ರತಿಯನ್ನು ನನ್ನ ಚೀಲಕ್ಕೆ ಹಾಕಿ, ವರ್ಷಕ್ಕೊಮ್ಮೆಯಾದರೂ ತೆರೆದು ನೋಡಬೇಕೆಂದು ಆಣೆ ಹಾಕಿಸಿದರು. ಆ ಸಂಜೆ ಠಾಣೆ ರೈಲುನಿಲ್ದಾಣದಲ್ಲಿ ಡೊಂಬಿವಲಿಯ ಲೋಕಲ್ ಹತ್ತಿದೆ. ಕಳವಾ ಸ್ಟೇಷನ್ನಿನ ಹತ್ತಿರ ಗಾಡಿ ಖಾಡಿಯ ಸೇತುವೆಗೆ ಬಂದಾಗ ಡಬ್ಬಿಯಲ್ಲಿದ್ದವರೆಲ್ಲ ಎಂದಿನಂತೆ ಮೂಗಿಗೆ ಕರವಸ್ತ್ರ ಹಿಡಿದರು. ನಾನೂ ಹಿಡಿದೆ, ಹಿಡಿದುಕೊಂಡೇ ಕಿಟಕಿಗೆ ಬಗ್ಗಿ, ಆ ಕಪ್ಪು ನೀರಿನಲ್ಲಿ ಎಲ್ಲಾದರೂ ಒಂದು ಮೀನು ಹೊರಳೀತೇ ಎಂದು ಸೇತುವೆ ಮುಗಿಯುವವರೆಗೂ ನೋಡಿದೆ.