ಪಾಯದ ಗುಂಡಿಯಲ್ಲಿ ಪಾಪಮ್ಮ ಮೇಡಂ ಪಾಠ

ಮಾರೇನಹಳ್ಳಿಯ ಅಡ್ಡರಸ್ತೆಯೊಂದರಲ್ಲಿ ಹಾಲಿನ ಬೂತು ಆಗಷ್ಟೇ ಬಾಗಿಲು ತೆರೆದಿದೆ. ಅದರ ಎದುರಿಗೆ, ಹಳೇ ಮನೆ ಕೆಡವಿದ ಸೈಟಿನಲ್ಲಿ, ಆಳೆತ್ತರದ ಪಾಯದ ಗುಂಡಿ. ಅದರೊಳಗಿಂದ ಒಂದು ದನಿ ಕೇಳುತ್ತದೆ: "ಮುಟ್ಟಿ ನೋಡ್ರೋ ಮೊದ್ಲು. ಮುಟ್ಟದೇನೇ ಬರ್ಕೊಂಡ್ರೆ ಏನ್ ಬಂತು?" ಬಗ್ಗಿ ನೋಡಿದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಕ್ಯಾನ್ವಾಸ್ ಶೂ, ತಲೆಗೆ ಹಳದಿ ಹೆಲ್ಮೆಟ್ ಹಾಕಿಕೊಂಡ ಹೆಂಗಸೊಬ್ಬರು ಸಣ್ಣ ಸುತ್ತಿಗೆಯಿಂದ ಗುಂಡಿಯ ತಳವನ್ನು ಟಕಟಕ ಬಡಿಯುತ್ತಿದ್ದಾರೆ. ಸುತ್ತ ನಿದ್ದೆಗಣ್ಣಿನ ಹುಡುಗ ಹುಡುಗಿಯರು. ಹಾಲು ತರಲು ಬಂದವರು ಕಳ್ಳತನವೋ ನಿಧಿಶೋಧವೋ ತಿಳಿಯದೆ ಒಂದು ಗಳಿಗೆ ನಿಂತು ಹೋಗುತ್ತಾರೆ.

ಇವರು ಡಾ. ಪಾಪಮ್ಮ. ವಿಜಯನಗರದ ಕಾಲೇಜೊಂದರಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕಿ. ಆ ವಿಭಾಗದ ಮುಖ್ಯಸ್ಥರೂ ಅವರೇ, ಸಿಬ್ಬಂದಿಯೂ ಅವರೇ, ಕೋಣೆ ಗುಡಿಸಬೇಕಾಗಿ ಬಂದರೆ ಅದಕ್ಕೂ ಅವರೇ. ಗುಂಡಿಯಲ್ಲಿರುವವರು ಈ ವರ್ಷ ಸೇರಿದ ಮೊದಲ ವರ್ಷದವರು. ನಿಜ ಹೇಳಬೇಕೆಂದರೆ ಈ ತರಗತಿ ಇರಲೇಬಾರದಿತ್ತು. ಕಳೆದ ಬೇಸಿಗೆಯಲ್ಲಿ ಭೂವಿಜ್ಞಾನದ ಬಾಗಿಲು ಮುಚ್ಚುವುದು ಬಹುತೇಕ ತೀರ್ಮಾನವಾಗಿಯೇ ಹೋಗಿತ್ತು.

"ನಮ್ಮ ಬೆಂಗಳೂರಲ್ಲಿ ನೆಲ ಕಾಣೋದೇ ಮನೆ ಕಟ್ಟುವಾಗ ಕಣ್ರೀ. ಆಮೇಲೆ ಟೈಲ್ಸು, ಟಾರು. ಅದಕ್ಕೇ ಕಾಂಕ್ರೀಟ್ ಲಾರಿ ಬರೋಕೆ ಮುಂಚೆ ಇವ್ರನ್ನ ಎಬ್ಬಿಸ್ಕೊಂಡು ಬರ್ತೀನಿ. ಬೈಕೊಂಡೇ ಬರ್ತಾರೆ," ಎಂದು ಮೇಡಂ ನಗುತ್ತಾರೆ. ಗುಂಡಿಯ ಪಕ್ಕದ ಮಣ್ಣು ಸಡಿಲವಿದ್ದರೆ ಯಾರನ್ನೂ ಇಳಿಸುವುದಿಲ್ಲ. ಮೊದಲು ತಾವು ಇಳಿದು, ಒದ್ದು ನೋಡಿ, ಆಮೇಲೆ ಮಕ್ಕಳನ್ನು ಕರೆಯುತ್ತಾರೆ. ಮೇಲೆ ಕೆಂಪು ಮಣ್ಣು, ಅದರ ಕೆಳಗೆ ಕೈಯಲ್ಲಿ ಹಿಸುಕಿದರೆ ಪುಡಿಯಾಗುವ ಕೊಳೆತ ಕಲ್ಲು, ತಳದಲ್ಲಿ ಸುತ್ತಿಗೆಯನ್ನೇ ಹಿಂದಕ್ಕೆ ತಳ್ಳುವ ಗಟ್ಟಿ ಬಂಡೆ. ಇಷ್ಟನ್ನು ಮಕ್ಕಳು ತಾವೇ ಹೇಳುವವರೆಗೆ ಅವರು ಬಾಯಿ ಬಿಡುವುದಿಲ್ಲ. ಸುಮ್ಮನೆ ನೋಡಲು ಬಂದ ನನ್ನನ್ನೂ ಇಳಿಸಿದರು. ಬೂಟು ಹಾಳಾಯಿತು. ಆದರೆ ದಿನಾ ಓಡಾಡುವ ಊರಿನ ಬಂಡೆಯನ್ನು ನಾನು ಅಂಗೈಯಿಂದ ಮುಟ್ಟಿದ್ದು ಅವತ್ತೇ ಮೊದಲು.

ಎಲ್ಲಿ ಗುಂಡಿ ತೋಡಿದ್ದಾರೆಂಬ ಸುದ್ದಿ ಅವರಿಗೆ ಮುಟ್ಟುವುದು ಗಾರೆ ಮೇಸ್ತ್ರಿಗಳಿಂದ. ಯಾದಗಿರಿ ಕಡೆಯ ಮೇಸ್ತ್ರಿ ಈರಪ್ಪ ಅವರಲ್ಲಿ ಮುಖ್ಯರು. ಅವರ ಮಗಳು ಲಕ್ಷ್ಮಿ ಈಗ ಎರಡನೇ ವರ್ಷದಲ್ಲಿ ಭೂವಿಜ್ಞಾನ ಓದುತ್ತಿದ್ದಾಳೆ. ಅಪ್ಪ ಕಟ್ಟುವ ಮನೆಗಳ ಶೆಡ್ಡುಗಳಲ್ಲೇ ಬೆಳೆದ ಹುಡುಗಿ.

ಪಾಪಮ್ಮ ಇದೇ ಮಾರೇನಹಳ್ಳಿಯವರು. ಬಡಾವಣೆ ಆಗುವುದಕ್ಕೆ ಮುಂಚಿನ ಮಾರೇನಹಳ್ಳಿಯವರು. ಅಪ್ಪ ಮರಿಯಪ್ಪ ರಾಗಿ ಬೆಳೆಯುತ್ತಿದ್ದರು. ಹೊಲದ ನಡುವೆ ಒಂದು ಹಾಸುಬಂಡೆ ಇತ್ತು. ಸುಗ್ಗಿಯಲ್ಲಿ ತೆನೆ ಒಣಹಾಕುತ್ತಿದ್ದದ್ದು, ಸಂಜೆ ಹೆಂಗಸರು ಕೂತು ಮಾತಾಡುತ್ತಿದ್ದದ್ದು ಅದರ ಮೇಲೆ. ಲೇಔಟು ಬಂದಾಗ ಸಿಡಿಮದ್ದು ಇಟ್ಟು ಅದನ್ನು ಒಡೆದರು. "ನಮ್ಮನ್ನೆಲ್ಲ ಅತ್ತಿಗುಪ್ಪೆ ಕಡೆ ಓಡಿಸಿದ್ರು. ವಾಪಸ್ ಬಂದ್ ನೋಡ್ತೀನಿ, ಬಂಡೆ ಒಳಗಡೆ ಬಿಳೀ ಪಟ್ಟೆ, ಕರೀ ಪಟ್ಟೆ, ನಮ್ಮಮ್ಮನ ಸೀರೆ ಅಂಚಿನ ಥರ! ಅಷ್ಟು ವರ್ಷ ಅದ್ರ ಮೇಲೇ ಕೂತಿದ್ವಿ, ಒಳಗೆ ಹಿಂಗಿದೆ ಅಂತ ಒಬ್ರಿಗೂ ಗೊತ್ತಿರ್ಲಿಲ್ಲ," ಎನ್ನುತ್ತಾರೆ. ಮುಷ್ಟಿಯಷ್ಟು ಚೂರೊಂದನ್ನು ಹುಡುಗಿ ಪಾಪಮ್ಮ ಲಂಗದಲ್ಲಿ ಕಟ್ಟಿಕೊಂಡು ಮನೆಗೆ ತಂದಳು.

ಬಿ.ಎಸ್ಸಿ. ಸೇರುವಾಗ ಭೂವಿಜ್ಞಾನ ಬೇಕೆಂದಾಗ ನೆಂಟರೆಲ್ಲ ನಕ್ಕರಂತೆ. ಕಲ್ಲು ಓದಿದ ಹುಡುಗಿಗೆ ಗಂಡು ಎಲ್ಲಿಂದ ತರುತ್ತೀಯ ಎಂದು ಮರಿಯಪ್ಪನವರನ್ನು ಕೇಳಿದ್ದರಂತೆ. ಅಪ್ಪ ಮಾತ್ರ ಹೇಳಿದ್ದು ಇಷ್ಟು: "ಓದಮ್ಮ. ಹೊಲ ಅಂತೂ ಹೋಯ್ತು. ಅದ್ರ ಕೆಳಗೆ ಏನಿತ್ತು ಅಂತಾನಾದ್ರೂ ತಿಳ್ಕೋ." ಜ್ಞಾನಭಾರತಿಯಲ್ಲಿ ಎಂ.ಎಸ್ಸಿ. ಮುಗಿಸಿ, ಮದುವೆಯಾಗಿ, ಕೆಂಗೇರಿಯಲ್ಲಿ, ರಾಜಾಜಿನಗರದಲ್ಲಿ ಅರೆಕಾಲಿಕ ಪಾಠ ಹೇಳಿಕೊಂಡು, ಎರಡು ಹೆತ್ತು, ಆಮೇಲೆ ಪಿಎಚ್‌ಡಿ ಮಾಡಿದರು. ವಿಷಯ: ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಬಂಡೆ ಕೊಳೆತು ಮಣ್ಣಾಗುವ ಬಗೆ. ಮಾದರಿ ಆರಿಸಲು ಹೋಗುವಾಗ ಕಿರಿಯ ಮಗಳು ಕಂಕುಳಲ್ಲೇ ಇರುತ್ತಿದ್ದಳು. ಪದವಿ ಬಂದಾಗ ಹೆಸರನ್ನು ಸ್ವಲ್ಪ ಚೆಂದ ಮಾಡಿಕೊಳ್ಳಿ ಎಂದು ಯಾರೋ ಸಲಹೆ ಕೊಟ್ಟರು. ಇವರು ಕಿವಿಗೆ ಹಾಕಿಕೊಳ್ಳಲಿಲ್ಲ. ವಿಭಾಗದ ಬಾಗಿಲಲ್ಲಿ ಡಾ. ಪಾಪಮ್ಮ ಎಂಬ ಬೋರ್ಡು ನೋಡಿದಾಗ ನನಗಂತೂ ಎದೆಯುಬ್ಬುತ್ತದೆ.

ಕಾಲೇಜಿನ ವೆಬ್‌ಸೈಟಿಗೆ ಅಧ್ಯಾಪಕರ ಪರಿಚಯ ಬೇಕೆಂದು ಒಮ್ಮೆ ಎಲ್ಲರನ್ನೂ ಕೇಳಿದರು. ಪಾಠ ಮಾಡಲು ಇಷ್ಟದ ವಿಷಯ ಎಂಬಲ್ಲಿ ಉಳಿದವರು ಬಾಯಲ್ಲಿ ಹೊರಳದ ಹೆಸರುಗಳನ್ನು ಸಾಲಾಗಿ ಕೊಟ್ಟರು. ಇವರು ಕೊಟ್ಟದ್ದು, 'ಮೊದಲ ವರ್ಷದ ತರಗತಿ'. "ಕೊನೇ ವರ್ಷದವ್ರು ಹೆಂಗೋ ಓದ್ಕೋತಾರೆ. ಮೊದಲ್ನೇ ಸಲ ಸುತ್ತಿಗೆ ಹಿಡಿಯೋರ ಪಕ್ಕ ಒಬ್ರು ನಿಂತಿರ್ಬೇಕಲ್ವಾ?" ಎಂಬುದು ಅವರ ಸಮಜಾಯಿಷಿ.

ಅವರ ವಿಭಾಗಕ್ಕೆ ಒಂದು ಪದ್ಧತಿ ಇದೆ. ಓದು ಮುಗಿಸಿ ಹೋಗುವ ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಕಲ್ಲನ್ನು ತಂದು ಬೀರುವಿನಲ್ಲಿ ಇಟ್ಟುಹೋಗಬೇಕು. ಕಲ್ಲಿನ ಮೂಲೆಗೆ ಬಿಳಿ ಬಣ್ಣದ ಬೊಟ್ಟು, ಬೊಟ್ಟಿನ ಮೇಲೆ ಕರಿ ಶಾಯಿಯಲ್ಲಿ ನಂಬರು. ಇಳಕಲ್ಲಿನ ಕೆಂಪು ಕಲ್ಲು, ಚಾಮರಾಜನಗರದ ಕರಿಕಲ್ಲು, ಸಂಡೂರಿನ ಕಬ್ಬಿಣದ ಅದಿರು ಎಲ್ಲ ಅಲ್ಲಿವೆ. ಒಂದನೇ ನಂಬರು ಮರಿಯಪ್ಪನವರ ಬಂಡೆಯ ಆ ಚೂರು.

ಸೇರುವವರು ಕಡಿಮೆಯಾಗುತ್ತ ಬಂದರು. ಕಳೆದ ಬೇಸಿಗೆಯಲ್ಲಿ ಆಡಳಿತ ಮಂಡಳಿ ಕರೆದು ಹೇಳಿತು: ಈ ಸಲವೂ ಮಕ್ಕಳು ಬರದಿದ್ದರೆ ಭೂವಿಜ್ಞಾನ ಬಂದ್, ಕೋಣೆಯನ್ನು ಈಗಲೇ ಕಂಪ್ಯೂಟರ್ ವಿಭಾಗಕ್ಕೆ ಬಿಟ್ಟುಕೊಡಿ. ಪಾಪಮ್ಮ ಮಗಳ ಬಾಣಂತನಕ್ಕೆ ರಜೆ ಹಾಕಿದ್ದ ವಾರವೇ ಕೋಣೆ ಖಾಲಿ ಮಾಡಿಸಲಾಯಿತು. ಕೆಲಸದವರು ಬೀರು ಹೊತ್ತೊಯ್ಯಲು ಹಗುರವಾಗಲೆಂದು ಕಲ್ಲುಗಳನ್ನು ಅಂಗಳಕ್ಕೆ ಸುರಿದರು. ಅಲ್ಲೇ ಕೆಡವಿದ ಕಾಂಪೌಂಡಿನ ಇಟ್ಟಿಗೆ ಚೂರೂ ಬಿದ್ದಿತ್ತು. ಕಸ ಸಾಗಿಸುವ ಟ್ರ್ಯಾಕ್ಟರಿನವನು ಎರಡನ್ನೂ ಸೇರಿಸಿ ತುಂಬಿಕೊಂಡು ಹೋದ. ಅವನನ್ನು ಬೈದು ಪ್ರಯೋಜನವಿಲ್ಲ. ಅವನ ಕಣ್ಣಿಗೆ ಅದು ಕಲ್ಲು.

ಆ ಟ್ರ್ಯಾಕ್ಟರು ಹೋಗಿ ನಿಂತದ್ದು ಶ್ರೀಗಂಧದ ಕಾವಲು ಬಡಾವಣೆಯಲ್ಲಿ, ಈರಪ್ಪ ಕಟ್ಟುತ್ತಿದ್ದ ಮನೆಯ ತಳಪಾಯ ತುಂಬಿಸಲು. ಅರ್ಧ ಸುರಿದು ನೆಲ ಕುಟ್ಟಿಯೂ ಆಗಿತ್ತು. ಉಳಿದರ್ಧ ಸುರಿಯುವಾಗ ಕಲ್ಲಿನ ಮೇಲಿನ ಬಿಳಿ ಬೊಟ್ಟು ಈರಪ್ಪನವರ ಕಣ್ಣಿಗೆ ಬಿತ್ತು. ಮಗಳು ಮನೆಯಲ್ಲಿ ಕಲ್ಲಿಗೆ ಹಾಗೇ ಬೊಟ್ಟಿಡುವುದನ್ನು ಅವರು ನೋಡಿದ್ದರು. ಕೆಲಸ ನಿಲ್ಲಿಸಿ ಫೋನು ಹಚ್ಚಿದರು: "ಮೇಡಮ್ಮಾರ, ನಿಮ್ಮ ಕಲ್ಲು ಇಲ್ಲಿ ಬಂದಾವ್ರಿ. ನಾ ಒಂದೂ ಮುಟ್ಟಂಗಿಲ್ಲ, ನೀವು ಲಗೂನ ಬರ್ರಿ."

ಪಾಪಮ್ಮ ಹೋಗಿ ಮಣ್ಣಲ್ಲಿ ಕೂತರು. ಲಕ್ಷ್ಮಿ ಗೆಳತಿಯರನ್ನು ಕರೆದುಕೊಂಡು ಬಂದಳು. "ಮೇಡಂ ಅತ್ತಿದ್ದು ನಾನು ಅವತ್ತೇ ನೋಡಿದ್ದು. ಆಮೇಲೆ ನಮ್ಮಪ್ಪಂಗೆ ಕೈ ಮುಗಿದ್ರು. ನಮ್ಮಪ್ಪ ಹೆದರ್ಕೊಂಡುಬಿಟ್ಟ," ಎಂದು ಲಕ್ಷ್ಮಿ ನೆನೆಯುತ್ತಾಳೆ. ಕಲ್ಲುಗಳನ್ನು ಆರಿಸಿ, ಕಾಲೇಜಿಗೆ ತಂದು, ಇಡಲು ಕೋಣೆಯಿಲ್ಲದೆ ಅಂಗಳದಲ್ಲೇ ತೊಳೆದು ಹರಡಿದರು.

ಆ ವಾರವೇ ಪ್ರವೇಶಾತಿ ಶುರುವಾದದ್ದು. ಅಪ್ಲಿಕೇಷನ್ನಿಗೆ ನಿಂತ ಮಕ್ಕಳ ಸಾಲು ಕಲ್ಲುಗಳ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಏನಿದು ಆಂಟಿ ಎಂದು ಯಾರಾದರೂ ಕೇಳಿದರೆ ಮೇಡಂ ಕೇಳುತ್ತಿದ್ದದ್ದು ಒಂದೇ ಮಾತು: "ನಿಮ್ಮೂರು ಯಾವ್ದಪ್ಪ?" ಇಳಕಲ್ ಎಂದವನ ಕೈಗೆ ಕೆಂಪು ಕಲ್ಲು ಬಂತು. ಚಾಮರಾಜನಗರದ ಹುಡುಗಿಗೆ ಕರಿಕಲ್ಲು. ತಮ್ಮೂರಿನ ಕಲ್ಲನ್ನು ಬೆಂಗಳೂರಿನ ಕಾಲೇಜಿನ ಅಂಗಳದಲ್ಲಿ ಹಿಡಿದುಕೊಂಡ ಅಪ್ಪ ಅಮ್ಮಂದಿರೂ ಬಿಟ್ಟುಹೋಗಲು ಒಲ್ಲರು. ಸಾಲು ಮುಂದಕ್ಕೆ ಸರಿಯದೆ ಕ್ಲರ್ಕು ಕೂಗಾಡಿದರಂತೆ. ಪ್ರವೇಶಾತಿ ಮುಗಿಯುವ ಹೊತ್ತಿಗೆ ಭೂವಿಜ್ಞಾನದ ತರಗತಿ ಭರ್ತಿ.

ಬಾಗಿಲು ಮುಚ್ಚುವ ಮಾತನ್ನು ಆಡಳಿತ ಮಂಡಳಿ ಮತ್ತೆ ಎತ್ತಲಿಲ್ಲ. ಕಂಪ್ಯೂಟರ್ ವಿಭಾಗದ ಮುಖ್ಯಸ್ಥ ಅರುಣ್ ಕುಮಾರ್ ತಾವಾಗಿಯೇ ಕೋಣೆ ವಾಪಸು ಕೊಟ್ಟರು. "ನೋಡಿ ಸಾರ್, ನಮಗೆ ಹೊಸ ಬ್ಲಾಕ್ ಬರುತ್ತೆ. ಮೇಡಂ ಕಲ್ಲು ಮತ್ತೆ ಕಳೆದ್ರೆ ಯಾರು ತಂದ್ಕೊಡ್ತಾರೆ?" ಎನ್ನುತ್ತಾರೆ ಅವರು. ಬೀರು ಮತ್ತೆ ತುಂಬಿದೆ. ಒಂದು ಜಾಗ ಮಾತ್ರ ಖಾಲಿ. ಒಂದನೇ ನಂಬರು ಮೊದಲು ಸುರಿದ ಅರ್ಧದಲ್ಲೇ ಹೋಗಿತ್ತು. ನೆಲ ಅಗೆದು ಕೊಡುತ್ತೇನೆಂದು ಆ ಮನೆಯ ಮಾಲೀಕರು ಬಂದು ಕೇಳಿಕೊಂಡರು. ಪಾಪಮ್ಮ ಬೇಡವೆಂದರು. "ಬಡಪಾಯಿ ಸಾಲ ಸೋಲ ಮಾಡಿ ಕಟ್ತಾ ಇದಾರೆ. ಇರ್ಲಿ ಬಿಡಿ. ಮನೆಗೆ ಆಸರೆ ಆಯ್ತಲ್ಲ," ಎಂದವರು ಮುಖ ತಿರುಗಿಸಿ ಸುತ್ತಿಗೆಯ ಮಣ್ಣು ಒರೆಸಿಕೊಳ್ಳುತ್ತಾರೆ.

ಕಾಂಕ್ರೀಟ್ ಲಾರಿಯ ಹಾರನ್ನು ಕೇಳುತ್ತದೆ. ಮಕ್ಕಳೆಲ್ಲ ಏಣಿ ಹತ್ತಿ ಮೇಲೆ ಬಂದ ಮೇಲೆ ಕೊನೆಗೆ ಮೇಡಂ ಬರುತ್ತಾರೆ. ನಿವೃತ್ತಿ ಹತ್ತಿರದಲ್ಲಿದೆ, ಏನಾದರೂ ಆಸೆ ಉಳಿದಿದೆಯೇ ಎಂದು ಕೇಳುತ್ತೇನೆ. ಪ್ರಶಸ್ತಿ, ಸನ್ಮಾನದ ಮಾತು ಬರಬಹುದೆಂದು ನನ್ನ ಎಣಿಕೆ.

"ಒಂದಿದೆ," ಎನ್ನುತ್ತಾರೆ. "ಕಾಲೇಜಿನ ಹೊಸ ಬ್ಲಾಕಿಗೆ ಮುಂದಿನ ತಿಂಗಳು ಪಾಯ ತೋಡ್ತಾರೆ. ಕಾಂಕ್ರೀಟ್ ಹಾಕೋಕೆ ಮುಂಚೆ ಎರಡು ದಿನ ಆ ಗುಂಡಿ ಹಾಗೇ ಬಿಡಿ ಅಂತ ಪ್ರಿನ್ಸಿಪಾಲರನ್ನ ಕೇಳಿದೀನಿ. ನಮ್ಮಪ್ಪನ ಬಂಡೆ ಎಲ್ಲೂ ಹೋಗಿಲ್ಲ ಕಣ್ರೀ. ಲೇಔಟಿನವ್ರು ಒಡೆದದ್ದು ಮೇಲ್ಗಡೆ ತುದಿ ಅಷ್ಟೇ. ಅದು ಮಾರೇನಹಳ್ಳಿಯಿಂದ ಹಿಡಿದು ನಮ್ಮ ಕಾಲೇಜಿನ ಅಡಿಗೂ ಹಾದುಹೋಗಿದೆ. ಒಂದನೇ ನಂಬರು ಖಾಲಿ ಇದೆಯಲ್ಲ, ಅದಕ್ಕೆ ಈ ಸಲ ನಾನು ಸುತ್ತಿಗೆ ಹಿಡಿಯೋಲ್ಲ. ಈ ಮಕ್ಕಳೇ ಒಡ್ಕೊಂಡು ಬರ್ಲಿ."