ಬೇಲಿಯ ಆಚೆ ಉಳಿದ ದಾಸವಾಳ

ಪುಣೆಯಲ್ಲಿ ಬೆಳಗಿನ ವಾಕಿಂಗ್‌ಗೆ ಹೊರಡುವವರಲ್ಲಿ ಎರಡು ಜಾತಿ. ಆರೋಗ್ಯಕ್ಕಾಗಿ ನಡೆಯುವವರು ಕೈ ಬೀಸಿಕೊಂಡು ಹೋಗುತ್ತಾರೆ. ದೇವರಿಗಾಗಿ ನಡೆಯುವವರ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಇರುತ್ತದೆ. ಮನೆಗೆ ಮರಳುವಾಗ ಅದರ ತುಂಬ ಕಂಡವರ ಅಂಗಳದ ಹೂ. ಇದಕ್ಕೆ ಯಾರೂ ಕಳವು ಅನ್ನುವುದಿಲ್ಲ. ದೇವರೂ ಅನ್ನುವುದಿಲ್ಲ. ಸ್ಟೋಲನ್ ಗೂಡ್ಸ್ ಕೊನೆಗೆ ಬಂದು ಸೇರುವುದು ಅವನ ತಲೆಯ ಮೇಲೇ ಆದಮೇಲೆ ಅವನಾದರೂ ಏನಂದಾನು?

ನಮ್ಮ ಅಂಗಳದ ಕೆಂಪು ದಾಸವಾಳವನ್ನು ನೆಟ್ಟವರು ನಮ್ಮ ಯಜಮಾನರು. ಅವರು ಹೋದ ಮೇಲೆ ನನಗೆ ಉಳಿದದ್ದು ಒಂದು ಸಣ್ಣ ಆಸೆ. ಬೆಳಿಗ್ಗೆ ವರಾಂಡದಲ್ಲಿ ಕೂತು ಚಹಾ ಕುಡಿಯುವಾಗ ಆ ಗಿಡದಲ್ಲಿ ಒಂದು ಹೂ ಇರಬೇಕು. ಕೀಳುವುದಕ್ಕಲ್ಲ, ಸುಮ್ಮನೆ ನೋಡುವುದಕ್ಕೆ. ಆದರೆ ನಾನು ಮೊಣಕಾಲುಗಳನ್ನು ಬೈದು ಎಬ್ಬಿಸಿಕೊಂಡು ಹೊರಗೆ ಬರುವಷ್ಟರಲ್ಲಿ ಗಿಡ ಬೋಳು. ‘ಪ್ಲೀಸ್ ಡು ನಾಟ್ ಪ್ಲಕ್ ಫ್ಲವರ್ಸ್’ ಎಂದು ಚೆಂದದ ಅಕ್ಷರದಲ್ಲಿ ಬೋರ್ಡ್ ಬರೆದು ತೂಗುಹಾಕಿದೆ. ಅದರ ಮೊಳೆಗೆ ಚೀಲ ಸಿಕ್ಕಿಸಿ ಎರಡೂ ಕೈಯಿಂದ ಕಿತ್ತರು.

ಅವರಲ್ಲಿ ಹಿರಿಯ ಕಳ್ಳಿ ಹಿಂದಿನ ಓಣಿಯ ಹೆಂಗಸು, ನಮ್ಮ ಬೆಳಗಾವಿ ಕಡೆಯವಳೇ. ಬೇಸಿಗೆಯಲ್ಲೂ ಅವಳ ಕೈಯಲ್ಲಿ ಕೊಡೆ. ಅದರ ಡೊಂಕು ಹಿಡಿಕೆಯಿಂದ ಟೊಂಗೆ ಬಗ್ಗಿಸುವುದರಲ್ಲಿ ಎಕ್ಸ್‌ಪರ್ಟ್.

“ದಿನಾ ಹಿಂಗ ಮಾಡ್ತೀರಲ್ರೀ, ಶೇಮ್ ಅನ್ನೋದು ಅದನೋ ಇಲ್ಲೋ?” ಎಂದು ನಾನು ವರಾಂಡದಿಂದ ಕೂಗುತ್ತಿದ್ದೆ.

“ದೇವರಿಗೆ ಒಯ್ಯಾಕ ಎಂಥಾ ಶೇಮ್ ಬಾಯಾರ? ಅರ್ಧಾ ಪುಣ್ಯ ಗಿಡದವರಿಗೇ ಬರ್ತದ. ನೀವು ಕುಂತಲ್ಲೇ ಸ್ವರ್ಗಕ್ಕ ಹೊಂಟೀರಿ, ನಾ ಇಲ್ಲಿ ನಡದೂ ನಡದೂ ಸಾಯಾಕತ್ತೀನಿ.”

“ನನಗ ಸ್ವರ್ಗ ಬ್ಯಾಡ್ರೀ, ಹೂ ಬೇಕು.”

“ಹೂವಿಗೇನು, ನಾಳೆ ಮತ್ತ ಬಿಡ್ತದ.” ಎರಡು ಹೆಜ್ಜೆ ಹೋಗಿ ತಿರುಗಿ, “ನಾನೂ ಮತ್ತ ಬರ್ತೀನಿ!”

ನಮ್ಮ ಹಳೆಯ ಮೆಹಂದಿ ಬೇಲಿ ಒಣಗಿ ನಾಲ್ಕು ಕಡ್ಡಿಯಾಗಿತ್ತು. ತಂತಿಯ ಚೈನ್ ಲಿಂಕ್ ಬೇಲಿ ಹಾಕಿಸಿಬಿಡುತ್ತೇನೆ ಎಂದು ನಿರ್ಧರಿಸಿದೆ. ಗೋಡೆ ಕಟ್ಟಿಸಿದರೆ ಗಾಳಿ ಬರುವುದಿಲ್ಲ, ಓಣಿಯ ಸುದ್ದಿಯೂ ಬರುವುದಿಲ್ಲ.

ಭೋಸರಿಯಿಂದ ಬೇಲಿಯವನು ಬಂದ. ಜಾಲರಿಯ ಸುರುಳಿ, ಕಬ್ಬಿಣದ ಕಂಬ, ಸಿಮೆಂಟು ಎಲ್ಲ ಇಳಿಸಿ, ಸೈಟಿನ ಎರಡು ಮೂಲೆಯ ಗಡಿಕಲ್ಲುಗಳ ನಡುವೆ ದಾರ ಕಟ್ಟಿದ. ಒಂದು ಕೂದಲಷ್ಟೂ ಆಚೀಚೆ ಆಗಕೂಡದು ಎಂದು ನಾನು ಅವನ ತಲೆಯ ಮೇಲೆ ನಿಂತಿದ್ದೆ. ಅವನು ದಾರ ನೋಡಿದ, ಗಿಡ ನೋಡಿದ, ನನ್ನ ಮುಖ ನೋಡಿದ.

“ಆಜೀ, ಝಾಡ ತರ ಬಾಹೇರ ಆಹೇ.”

ಗಿಡ ಹೊರಗಿದೆ! ದಾರ ಬಿಚ್ಚಿಸಿ ಮತ್ತೆ ಕಟ್ಟಿಸಿದೆ. ಗಿಡ ಹೊರಗೇ ಇತ್ತು, ಒಂದೂವರೆ ಅಡಿ, ಸಾರ್ವಜನಿಕ ರಸ್ತೆಯಲ್ಲಿ. ಕಾರ್ಖಾನೆಯಲ್ಲಿ ಜೀವಮಾನವಿಡೀ ಮೈಕ್ರೊಮೀಟರ್ ಹಿಡಿದು, ಕೂದಲೆಳೆ ತಪ್ಪಿದರೂ ಕೆಲಸಗಾರರ ಜೀವ ತಿಂದ ಮಹಾನುಭಾವರು, ಸ್ವಂತ ಗಿಡ ನೆಡುವಾಗ ಮಣ್ಣು ಮೆತ್ತಗಿದ್ದಲ್ಲಿ ಅಗೆದು ಕೈ ತೊಳೆದುಕೊಂಡಿದ್ದರು. ಗಡಿ ದಾಟಿ ಹಬ್ಬಿದ್ದ ದಟ್ಟ ಮೆಹಂದಿಯ ಮರೆಯಲ್ಲಿ ಇಷ್ಟು ವರ್ಷ ಯಾರಿಗೂ ತಿಳಿಯಲಿಲ್ಲ. ಸಿಟ್ಟು ಬಂತು. ಬೈಯೋಣವೆಂದರೆ ಅವರು ಕೈಗೆ ಸಿಗುವಂತಿರಲಿಲ್ಲ. ಯೂಶುವಲ್.

ಬೇಕಾದರೆ ಅಲ್ಲಿ ಬೇಲಿಯನ್ನು ಸ್ವಲ್ಪ ಹೊರಗೆ ಬಗ್ಗಿಸೋಣ, ಊರೆಲ್ಲ ಹಾಗೇ ಮಾಡುತ್ತದೆ ಎಂದ ಬೇಲಿಯವನು. ಅಷ್ಟು ಹಳೆಯ ಬುಡ ಕಿತ್ತು ನೆಟ್ಟರೆ ಬದುಕುವುದಿಲ್ಲವಂತೆ. ಸುಳ್ಳೇಕೆ, ಹ್ಞೂಂ ಎನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಬೆನ್ನ ಹಿಂದೆ ಕೊಡೆಯ ಸದ್ದು ಟಕ್ ಟಕ್ ಎಂದಿತು.

“ಅಯ್ಯ ಬಾಯಾರ! ಹಂಗಾರ ಇಷ್ಟ್ ವರ್ಷ ಕಳ್ಳಿ ಅಂದದ್ದು ಯಾರಿಗ್ರೀ?” ಅವಳಿಗೆ ನಗು ತಡೆಯಲಾಗಲಿಲ್ಲ. “ಬಗ್ಗಸ್ರಿ, ಬಗ್ಗಸ್ರಿ. ನಾ ಹೂವಷ್ಟ ಒಯ್ತಿದ್ದೆ, ನೀವು ರಸ್ತೆನ ಒಯ್ರಿ.”

ಕಾನ್ವೆಂಟಿನಲ್ಲಿ ಪಕ್ಕದವಳ ಪೆನ್ಸಿಲ್ ತೆಗೆದುಕೊಂಡದ್ದಕ್ಕೆ ಸಿಸ್ಟರ್ ಮರದ ರೂಲರಿನಿಂದ ಕೊಟ್ಟ ಏಟು ಗೆಣ್ಣುಗಳಿಗೆ ನೆನಪಾಯಿತು. “ಸ್ಟ್ರೇಟ್ ಹಾಕು,” ಎಂದೆ.

ಹಾಕಿದ. ಜಾಲರಿ ಬೆರಳು ತಾಗಿದರೆ ಝಣ್ ಎನ್ನುವಷ್ಟು ಬಿಗಿ. ಒಳಗೆ ನಾನು, ಹೊರಗೆ ಗಿಡ.

ಮರುದಿನ ಕೊಡೆಯವಳು ಬಂದಳು, ಟೊಂಗೆ ಬಗ್ಗಿಸಿದಳು. ನಾನು ಹೊತ್ತಿಗೆ ಮುಂಚೆ ಎದ್ದು ಕೂತು ಚಹಾ ಆರಿಸುತ್ತಿದ್ದೆ. ಎರಡು ಹೂ ಕಿತ್ತು ಅವಳ ಕೈ ನಿಂತಿತು.

“ಯಾಕ್ರೀ, ಇವತ್ತ ಬೈಯೂದಿಲ್ಲೇನು?”

“ಏನಂತ ಬೈಲಿ? ಗಿಡ ರಸ್ತೇದು.”

ಅವಳಿಗೆ ಅದು ಸರಿಬರಲಿಲ್ಲ. ಬೈಗುಳವಿಲ್ಲದೆ ಕಿತ್ತ ಹೂ ಸಪ್ಪೆ ಎನಿಸಿರಬೇಕು. ನಾನು ಬೇಲಿಯ ತನಕ ಹೋಗಿ, ಇಷ್ಟು ವರ್ಷ ಒಮ್ಮೆಯೂ ಕೇಳದಿದ್ದ ಹಾಗೆ ಕೇಳಿದೆ: “ಒಂದ ಹೂ ಬಿಡ್ರಿ. ನನ್ನ ಚಹಾ ಮುಗಿಯೂ ತನಕ.”

ಯೋಚಿಸಿದಳು. “ಎಷ್ಟ್ ಕಪ್ ಕುಡೀತೀರಿ?”

“ಒಂದ.”

“ಲಗೂ ಕುಡೀರಿ ಮತ್ತ.”

ಅಂದಿನಿಂದ ಇದೇ ನಡೆದಿದೆ. ಅವಳು ಒಂದು ಹೂ ಉಳಿಸಿ, ಕೊಡೆ ಊರಿಕೊಂಡು, ಬೇಲಿಯ ಆಚೆ ನಿಲ್ಲುತ್ತಾಳೆ. ಒಂದು ಕಪ್ ಚಹಾವನ್ನು ಎಷ್ಟು ನಿಧಾನವಾಗಿ ಕುಡಿಯಬಹುದು ಎಂಬುದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು. ಸಂಕಷ್ಟಿಯ ದಿನ ಮಾತ್ರ ಗಣಪತಿಗೆ ತಡವಾಗುತ್ತದೆಂದು ಕೊಡೆಯಿಂದ ಬೇಲಿಗೆ ಬಡಿಯುತ್ತಾಳೆ.

ಮೊನ್ನೆ ಅವಳ ಪಾಲಿನ ಚಹಾವನ್ನೂ ತಂದೆ. “ಒಳಗ ಬರ್ರಿ, ಕೂತು ಕುಡೀರಿ. ಗೇಟ್ ತಗದದ.”

ಅವಳು ಓಣಿಯ ಆ ತುದಿ ಈ ತುದಿ ನೋಡಿದಳು. ಬೇಲಿಯ ಮೇಲಿಂದ ಕೈ ಚಾಚಿ ಕಪ್ ತೆಗೆದುಕೊಂಡಳು.

“ಬ್ಯಾಡ್ರೀ, ಇಲ್ಲೇ ನಿಲ್ತೀನಿ. ಕಳ್ಳರು ಭಾಳ ಆಗ್ಯಾರ.”