ಗಂಡಿಕೋಟೆಯಲ್ಲಿ ಗೋದತ್ತೆಯ ಮಡಿ

ನಮ್ಮಪ್ಪ ವಿಷ್ಣುತೀರ್ಥಾಚಾರ್ಯರನ್ನು ತಮಿಳು ಸೀಮೆಯ ತಿರುವಲ್ಲಿಕ್ಕೇಣಿಯ ನಮ್ಮ ಬೀದಿಯವರೆಲ್ಲ ದೇವರಂಥ ಮನುಷ್ಯ ಅನ್ನುತ್ತಿದ್ದರು. ಹೌದು, ದೇವರ ಹಾಗೇ. ಕೂತಲ್ಲಿಗೇ ನೈವೇದ್ಯ ಬರಬೇಕಿತ್ತು! ಅದನ್ನು ಬೇಯಿಸುತ್ತಿದ್ದವಳು ಅವರ ಅಕ್ಕ, ನಮ್ಮ ಗೋದತ್ತೆ. ಹದಿನೇಳಕ್ಕೇ ಗಂಡನನ್ನು ಕಳೆದುಕೊಂಡು ತವರು ಸೇರಿದವಳು ನಲವತ್ತು ವರ್ಷ ಒಲೆ ಮುಂದೆ ಕಳೆದಳು. ರಾಮೇಶ್ವರಕ್ಕೆ ಹೋದರೆ ಅಲ್ಲಿಯ ಛತ್ರದ ಅಡುಗೆಮನೆ ನೋಡಿದಳು. ಶ್ರೀರಂಗಕ್ಕೆ ಹೋದರೆ ಅಲ್ಲೂ ಅಡುಗೆಮನೆ. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

೧೯೬೧ರಲ್ಲಿ ನಾಲ್ಕು ಮನೆಯವರು ಸೇರಿ ಬಸ್ ಮಾಡಿಕೊಂಡು ಮಂತ್ರಾಲಯಕ್ಕೆ ಹೊರಟೆವು. ನನಗಾಗ ಹದಿನಾಲ್ಕು. ದಾರಿಯಲ್ಲಿ ಗಂಡಿಕೋಟೆ ಸಿಗುತ್ತದೆ, ಅಲ್ಲಿ ಪೆನ್ನಾ ನದಿ ಬೆಟ್ಟವನ್ನೇ ಸೀಳಿದೆ, ಕಮರಿಯ ಎರಡೂ ಕಡೆ ಕೆಂಪು ಬಂಡೆಗಳು ಜೋಡಿಸಿಟ್ಟ ಹಾಗೆ ಒಂದರ ಮೇಲೊಂದು ಕೂತಿವೆ ಎಂದು ಯಾರೋ ಹೇಳಿದ್ದರು. ಜನ್ಮದಲ್ಲಿ ಏನೂ ಕೇಳದ ಅತ್ತೆ ಕೇಳಿದಳು: "ವಿಷ್ಣು, ನಂಗೂ ಅದನ್ನ ತೋರಿಸ್ತೀಯಾ?"

"ಖಂಡಿತ ಅಕ್ಕ" ಅಂದರು ಅಪ್ಪ.

ಕೋಟೆಯೊಳಗೆ ಬಾವಿ ಪಕ್ಕದ ಹಾಳು ಮಂಟಪದಲ್ಲಿ ಒಲೆ ಹೂಡಿದರು. ಅತ್ತೆ ಸ್ನಾನ ಮಾಡಿ, ಮಡಿಸೀರೆ ಉಟ್ಟು, ಅನ್ನ ಹುಳಿ ಮುಗಿಸಿ ಮುಚ್ಚಿಟ್ಟಳು. ಎಲ್ಲರೂ ಕಮರಿ ನೋಡಲು ಎದ್ದಾಗ ಅವಳೂ ಎದ್ದಳು.

"ನೀನೆಲ್ಲಿಗೆ ಅಕ್ಕ? ಮಡೀಲಿದೀಯ. ದಾರೀಲಿ ಯಾರಾದ್ರೂ ಮುಟ್ಟಿದ್ರೆ ಇಪ್ಪತ್ತು ಜನಕ್ಕೆ ಬಡಿಸೋರ್ಯಾರು?"

"ಊಟ ಆದ್ಮೇಲೆ ಹೋಗ್ಲಾ?"

"ಊಟ ಆದ ತಕ್ಷಣ ಬಸ್ ಹೊರಡತ್ತೆ, ಟೈಮೆಲ್ಲಿದೆ? ಕಲ್ಲು ವೇಡಿಕ್ಕೆ, ತಮಾಷೆ ನೋಡೋ ವಯಸ್ಸಾ ನಿಂದು?"

ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು, ಅದಕ್ಕೆ ಏನನ್ನಲಿ! ನಾನೂ ಹೋಗಲ್ಲ ಎಂದು ಹಟ ಹಿಡಿದು ಕೂತೆ. ಅತ್ತೆ ಸೌಟು ಹಿಡಿದು ಒಲೆ ಮುಂದೆ ವಾಪಸ್ ಕೂತಳು.

ಒಂದು ಗಂಟೆ ಬಿಟ್ಟು ಬಂದರು, ಆಹಾ ಓಹೋ ಅನ್ನುತ್ತಾ. ಎಲೆ ಹಾಕಿಕೊಂಡು ಸಾಲಾಗಿ ಕೂತರು.

"ಅಕ್ಕ, ಬೇಗ ಬಡಿಸು. ಹೊಟ್ಟೆ ಚುರುಗುಟ್ತಿದೆ."

ಅತ್ತೆ ಸೌಟು ಕೆಳಗಿಟ್ಟಳು. ಸೀದಾ ನನ್ನ ಹತ್ತಿರ ಬಂದು, ಬಸ್ಸಿನ ಮೈಲಿಗೆ ಬಟ್ಟೆಯಲ್ಲಿದ್ದ ನನ್ನ ಕೈಯನ್ನು ಎಲ್ಲರೆದುರು ಗಟ್ಟಿಯಾಗಿ ಹಿಡಿದುಕೊಂಡಳು.

"ಅಯ್ಯಯ್ಯೋ! ಎನ್ನ ಇದು, ಏನಿದು ಗೋದಕ್ಕ?" ಎಂದು ಪಕ್ಕದ ಮನೆ ಸುಬ್ರಾಯರು ಎಲೆ ಮುಂದಿನಿಂದ ಎದ್ದೇಬಿಟ್ಟರು.

"ಮೈಲಿಗೆ ಆಯ್ತು" ಅಂದಳು ಅತ್ತೆ. "ಇನ್ನು ನಾನು ಬಡಿಸೋ ಹಾಗಿಲ್ಲ. ನಡಿಯೇ ಸರಸ."

"ತಲೆ ಕೆಟ್ಟಿದೆಯಾ ನಿಂಗೆ? ಊಟದ ಗತಿ?" ಅಪ್ಪ ಕೆಂಪಗಾಗಿದ್ದರು.

"ಬಾವಿ ಅಲ್ಲೇ ಇದೆ. ಸ್ನಾನ ಮಾಡಿ, ಮಡಿ ಉಟ್ಟು, ನೀನೇ ಬಡಿಸು. ಸುಳ್ಳು ಹೇಳಕ್ಕೆ ಬರೋ ಬಾಯಿಗೆ ಮಂತ್ರ ಹೇಳಕ್ಕೂ ಬರತ್ತಲ್ಲ!"

ಕಮರಿಯವರೆಗೂ ಅವಳು ನನ್ನ ಕೈ ಬಿಡಲಿಲ್ಲ. ಅಂಚಿನ ಬಂಡೆಯ ಮೇಲೆ ನಿಂತು, ಅಷ್ಟು ಆಳದ ನೀರನ್ನೂ ಪದರು ಪದರಾದ ಕಲ್ಲುಗಳನ್ನೂ ನೋಡುತ್ತಾ, ಕೋಪಕ್ಕೋ ಏನೋ, ಅಳುತ್ತಿದ್ದಳು. ಹಿಂದಿನಿಂದ ಬಸ್ಸಿನ ಹಾರ್ನ್ ಬಡಿದುಕೊಳ್ಳುತ್ತಿತ್ತು.

"ಅತ್ತೆ, ಅಪ್ಪ ಕೂಗ್ತಿದಾರೆ" ಅಂದೆ.

"ಕೂಗ್ಲಿ" ಅಂದಳು. "ಆ ಕಡೇದು ಇನ್ನೂ ನೋಡಿಲ್ಲ ನಾನು."